ಯಾವಾಗ ಸೋಲೋ ಬಿಡ್ತೀರಿ ಸರ್?

ವಿಮಾನ ಹಾರಾಟ ಕಲಿಯುತ್ತಿರುವ ಮಕ್ಕಳ ತಂದೆತಾಯಂದಿರಿಗೆ,



ನಿಮ್ಮಲ್ಲಿ ಹಲವರು ನನಗೆ ಫೋನ್ ಮಾಡಿದ್ದೀರಿ. ಕೆಲವರು ದಾವಣಗೆರೆ, ಹಾಸನ, ವಿಜಯಪುರದಿಂದ ರಾತ್ರಿ ಬಸ್ಸು ಹತ್ತಿ ಬಂದು ಹ್ಯಾಂಗರಿನ ಹೊರಗೆ ಕಾದು ಮಾತಾಡಿಸಿದ್ದೀರಿ. ಊಟ, ಹಾಸ್ಟೆಲು, ಫೀಸಿನ ಮಾತೆಲ್ಲ ಮುಗಿದ ಮೇಲೆ ಪ್ರಶ್ನೆ ಮಗು ಒಬ್ಬರೇ ಹಾರುವ ದಿನಕ್ಕೇ ಬರುತ್ತದೆ: “ನಮ್ಮ ಹುಡುಗನ್ನ ಸೋಲೋ ಯಾವಾಗ ಬಿಡ್ತೀರಿ ಸರ್?” ಅದರ ಬೆನ್ನಿಗೇ, ಸ್ವಲ್ಪ ತಗ್ಗಿದ ದನಿಯಲ್ಲಿ, “ಇವನ ಜೊತೆ ಸೇರಿದ ಹುಡುಗಿ ಹದಿನಾಲ್ಕು ಗಂಟೆಗೇ ಹೋದಳಂತೆ, ಇವನಿಗೆ ಇಪ್ಪತ್ತೆರಡಾಯ್ತು. ಏನಾದ್ರೂ ತೊಂದರೆ ಇದೆಯಾ?”

ಈ ಪ್ರಶ್ನೆಯ ಹಿಂದಿನ ಆತಂಕ ನನಗೆ ಗೊತ್ತು. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಒಂದು ಮನೆಯಿಂದ ಹತ್ತಾರು ಲಕ್ಷ ರೂಪಾಯಿ ಹೋಗಿರುತ್ತದೆ. ಸೈಟು ಮಾರಿದವರಿದ್ದೀರಿ, ತೋಟದ ಮೇಲೆ ಸಾಲ ಎತ್ತಿದವರಿದ್ದೀರಿ, ಮನೆಪತ್ರ ಬ್ಯಾಂಕಿನಲ್ಲಿಟ್ಟವರಿದ್ದೀರಿ. ಪ್ರತಿ ಗಂಟೆಯ ಹಾರಾಟಕ್ಕೂ ದುಡ್ಡು ಕಟ್ಟುವವರು ಗಂಟೆ ಲೆಕ್ಕ ಇಡದೆ ಇನ್ನೇನು ಮಾಡುತ್ತಾರೆ? ಆದರೆ ಆ ಲೆಕ್ಕದಿಂದ ಖರ್ಚು ಎಷ್ಟಾಯಿತೆಂದು ತಿಳಿಯುತ್ತದೆಯೇ ಹೊರತು ಮಗು ಎಷ್ಟು ಸಿದ್ಧವಾಗಿದೆ ಎಂದು ತಿಳಿಯುವುದಿಲ್ಲ. ಇದನ್ನು ಫೋನಿನಲ್ಲಿ ಎರಡು ನಿಮಿಷದಲ್ಲಿ ವಿವರಿಸಲು ಆಗದು. ಅದಕ್ಕೇ ಈ ಪತ್ರ.

ಕಾನೂನಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ನಮ್ಮ ದೇಶದಲ್ಲಿ ಸ್ಟೂಡೆಂಟ್ ಪೈಲಟ್ ಲೈಸೆನ್ಸಿಗೆ 16 ವರ್ಷ ತುಂಬಿರಬೇಕು, ವೈದ್ಯಕೀಯ ತಪಾಸಣೆಯಲ್ಲಿ ಪಾಸಾಗಿರಬೇಕು, ಶಾಲೆ ನಡೆಸುವ ಪರೀಕ್ಷೆ ದಾಟಿರಬೇಕು. ರೇಡಿಯೋದಲ್ಲಿ ಮಾತಾಡಲು ಬೇರೆ ಲೈಸೆನ್ಸ್ ಇದೆ. ಮುಂದೆ ಕಮರ್ಷಿಯಲ್ ಲೈಸೆನ್ಸಿಗೆ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಒಟ್ಟು 200 ಗಂಟೆ ಕೇಳುತ್ತದೆ, ಅದರಲ್ಲಿ ಕನಿಷ್ಠ 100 ಗಂಟೆ ವಿದ್ಯಾರ್ಥಿಯೇ ಪೈಲಟ್ ಇನ್ ಕಮಾಂಡ್ ಆಗಿ ಹಾರಿರಬೇಕು. ಈ ಸಂಖ್ಯೆಗಳು ನಿಮಗೆಲ್ಲ ಬಾಯಿಪಾಠ. ಆದರೆ ಮೊದಲ ಸೋಲೋ ವಿಚಾರಕ್ಕೆ ಬಂದರೆ, ‘ಇಷ್ಟು ಗಂಟೆಯಾಯಿತು, ಇನ್ನು ಬಿಟ್ಟುಬಿಡಿ’ ಎನ್ನುವ ಕಾನೂನು ಎಲ್ಲೂ ಇಲ್ಲ. ಅಮೆರಿಕದ ನಿಯಮವಂತೂ ಗಂಟೆಯ ಸುದ್ದಿಗೇ ಹೋಗುವುದಿಲ್ಲ. ವಿದ್ಯಾರ್ಥಿ ಮಾಡಿ ತೋರಿಸಬೇಕಾದ ಕೆಲಸಗಳ ಪಟ್ಟಿ ಕೊಡುತ್ತದೆ, ಒಂದು ಲಿಖಿತ ಪರೀಕ್ಷೆ ಇಡುತ್ತದೆ, ಇಂಥ ಮಾದರಿಯ ವಿಮಾನಕ್ಕೆ ಎಂದು ಇನ್‌ಸ್ಟ್ರಕ್ಟರ್ ಸಹಿ ಹಾಕಬೇಕೆನ್ನುತ್ತದೆ. ಆ ಸಹಿಗೂ 90 ದಿನದ ಆಯಸ್ಸು.

ಹಾಗಾದರೆ ನಾವು ನೋಡುವುದು ಏನನ್ನು?

ಮೊದಲ ಸೋಲೋ ಎಂದರೆ ಒಂದು ಸರ್ಕ್ಯೂಟ್. ರನ್‌ವೇಯಿಂದ ಏಳುವುದು, ಸುಮಾರು 1000 ಅಡಿ ಏರಿ ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಬರುವುದು, ಮತ್ತೆರಡು ಸಲ ತಿರುಗಿ ಅದೇ ರನ್‌ವೇಯಲ್ಲಿ ಇಳಿಯುವುದು. ಕೆಲವೇ ನಿಮಿಷದ ಕೆಲಸ. ಬೇಲಿಯಾಚೆ ನಿಂತು ನೋಡುವವರಿಗೆ ಇಡೀ ಸರ್ಕ್ಯೂಟಿನಲ್ಲಿ ಕಣ್ಣಿಗೆ ಬೀಳುವುದು ಲ್ಯಾಂಡಿಂಗ್ ಒಂದೇ. ಚಕ್ರ ಮೆತ್ತಗೆ ತಾಗಿದರೆ ಹುಡುಗ ಕಲಿತ, ಕುಪ್ಪಳಿಸಿದರೆ ಕಲಿತಿಲ್ಲ ಎಂದು ನಿಮ್ಮ ತೀರ್ಮಾನ. ನಮ್ಮ ತೀರ್ಮಾನ ಅಲ್ಲಿಲ್ಲ. ಗಾಳಿ ಅಲುಗಾಡದ ಬೆಳಗ್ಗೆ ಆರೂವರೆಗೆ ಚೆಂದದ ಲ್ಯಾಂಡಿಂಗ್ ಯಾರಿಂದಲಾದರೂ ಒಮ್ಮೊಮ್ಮೆ ಆಗುತ್ತದೆ. ಲ್ಯಾಂಡಿಂಗ್ ಕೆಡುತ್ತಿದೆ ಎಂದು ಮಗುವಿಗೆ ಯಾವಾಗ ಗೊತ್ತಾಗುತ್ತದೆ, ಗೊತ್ತಾದಾಗ ಏನು ಮಾಡುತ್ತದೆ ಎಂಬುದನ್ನು ನಾವು ನೋಡುತ್ತೇವೆ.

ಇಳಿಯುವಾಗ ನೆಲದ ಹತ್ತಿರ ಮೂತಿಯನ್ನು ನಿಧಾನಕ್ಕೆ ಎತ್ತಬೇಕು. ಅದಕ್ಕೆ ಫ್ಲೇರ್ ಎನ್ನುತ್ತಾರೆ. ಸ್ವಲ್ಪ ಜೋರಾಗಿ ಎತ್ತಿದರೆ ವಿಮಾನ ಮತ್ತೆ ಮೇಲೆ ತೇಲುತ್ತದೆ, ವೇಗ ಸೋರಿಹೋಗುತ್ತದೆ. ಆಗ ಹೆದರಿ ಮೂತಿಯನ್ನು ಕೆಳಕ್ಕೆ ಒತ್ತಿದರೆ ಮುಂದಿನ ಚಕ್ರ ಮೊದಲು ನೆಲಕ್ಕೆ ಬಡಿಯುತ್ತದೆ. ವಿಮಾನ ಪುಟಿಯುತ್ತದೆ, ಮತ್ತೆ ಒತ್ತಿದರೆ ಇನ್ನೂ ಜೋರಾಗಿ ಪುಟಿಯುತ್ತದೆ, ಮೂರನೆಯ ಸಲಕ್ಕೆ ಮುಂದಿನ ಚಕ್ರದ ಕಾಲೇ ಮುರಿಯಬಹುದು. ಇದಕ್ಕೆ ಮದ್ದು ಗೋ ಅರೌಂಡ್. ಎಂಜಿನ್ನಿಗೆ ಪೂರ್ತಿ ಥ್ರಾಟಲ್ ಕೊಟ್ಟು, ಇಳಿಯುವ ಯೋಚನೆ ಬಿಟ್ಟು, ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರುವುದು. ಹೇಳುವಷ್ಟು ಸುಲಭವಲ್ಲ. ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಇಳಿಬಿಟ್ಟ ಸೆಸ್ನಾ ತರಬೇತಿ ವಿಮಾನದಲ್ಲಿ ಥ್ರಾಟಲ್ ತಳ್ಳಿದೊಡನೆ ಮೂತಿ ತಾನಾಗಿ ಮೇಲಕ್ಕೆ ನುಗ್ಗುತ್ತದೆ. ಕಂಟ್ರೋಲನ್ನು ಮುಂದಕ್ಕೆ ತಳ್ಳಿ ಅದನ್ನು ಹಿಡಿಯಬೇಕು, ಬಲಗಾಲಿನಲ್ಲಿ ಬಾಲದ ರಡ್ಡರ್ ಒತ್ತಬೇಕು, ಫ್ಲ್ಯಾಪನ್ನು ಒಂದೇ ಏಟಿಗೆ ಎತ್ತದೆ ಹಂತ ಹಂತವಾಗಿ ಎತ್ತಬೇಕು. ಇದೆಲ್ಲ ನೆಲದಿಂದ ಹತ್ತಿಪ್ಪತ್ತು ಅಡಿ ಮೇಲೆ.

ಕೈಚಳಕವನ್ನು ಹೇಗಾದರೂ ಕಲಿಸಬಹುದು. ನಾನು ಕಾಯುವುದು ನಿರ್ಧಾರಕ್ಕೆ. ನಾನು ಬಾಯಿ ಬಿಡುವ ಮುಂಚೆಯೇ, “ಇದು ಸರಿಯಿಲ್ಲ, ಗೋಯಿಂಗ್ ಅರೌಂಡ್” ಎಂದು ಮಗು ತಾನಾಗಿ ಹೇಳಿದ ದಿನ ಅದರ ಕಡತದಲ್ಲಿ ನಾನು ಗುರುತು ಹಾಕಿಕೊಳ್ಳುತ್ತೇನೆ. ನೀವು ಅದೇ ದಿನ ರಾತ್ರಿ ಫೋನಿನಲ್ಲಿ “ಇವತ್ತು ಲ್ಯಾಂಡಿಂಗ್ ಹೇಗಾಯ್ತು?” ಎಂದು ಕೇಳುತ್ತೀರಿ. ಅವನು “ಒಂದು ಮಿಸ್ ಆಯ್ತಮ್ಮ” ಎಂದು ಬೇಸರದಿಂದ ಹೇಳುತ್ತಾನೆ. ಅವನು ಸೋಲೋಗೆ ಬಹಳ ಹತ್ತಿರ ಬಂದ ದಿನ ಅದು ಎಂದು ಇಬ್ಬರಿಗೂ ತಿಳಿಯುವುದಿಲ್ಲ.

ಇನ್ನೊಂದು ಜಾಗವಿದೆ, ಇಡೀ ಸರ್ಕ್ಯೂಟಿನಲ್ಲಿ ನನಗೆ ಅತ್ಯಂತ ಭಯ ಇರುವ ಜಾಗ. ರನ್‌ವೇ ಕಡೆಗೆ ಕೊನೆಯ ತಿರುವು. ಗಾಳಿ ಹಿಂದಿನಿಂದ ತಳ್ಳಿದರೆ ವಿಮಾನ ರನ್‌ವೇಯ ನೇರವನ್ನು ದಾಟಿ ಆಚೆ ಹೋಗುತ್ತದೆ. ದಾಟಿತಲ್ಲ ಎಂಬ ಗಾಬರಿಯಲ್ಲಿ ವಿದ್ಯಾರ್ಥಿ ಜಾಸ್ತಿ ವಾಲಿಸುತ್ತಾನೆ, ಸಾಲದ್ದಕ್ಕೆ ಕಾಲಿನಿಂದ ರಡ್ಡರ್ ಒತ್ತಿ ಮೂತಿಯನ್ನು ಎಳೆಯುತ್ತಾನೆ, ಕೆಳಗಿಳಿಯುತ್ತಿದ್ದೇನೆ ಎನಿಸಿ ಕೈಯಿಂದ ಹಿಂದಕ್ಕೂ ಎಳೆಯುತ್ತಾನೆ. ರೆಕ್ಕೆಗೆ ಎತ್ತುವ ಬಲ ತಪ್ಪುವ ಸ್ಥಿತಿಗೆ ಸ್ಟಾಲ್ ಎನ್ನುತ್ತಾರೆ. ಎತ್ತರ ಕಾಯ್ದುಕೊಂಡು 45 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ಆಗುವ ವೇಗ ಸುಮಾರು ಐದನೇ ಒಂದರಷ್ಟು ಏರುತ್ತದೆ, 60 ಡಿಗ್ರಿಗೆ ಶೇಕಡ 40ಕ್ಕಿಂತ ಹೆಚ್ಚು. ನೇರ ಹಾರುವಾಗ ಸಾಕಾಗಿದ್ದ ವೇಗ ಅಲ್ಲಿ ಸಾಲದು. ಒಂದು ರೆಕ್ಕೆ ಮೊದಲು ಸೋತರೆ ವಿಮಾನ ಸುತ್ತುತ್ತಾ ಬೀಳಲು ಶುರುವಾಗುತ್ತದೆ, ಅದೇ ಸ್ಪಿನ್. ಮೂರು ಸಾವಿರ ಅಡಿಯಲ್ಲಾದರೆ ಬಿಡಿಸಿಕೊಳ್ಳಬಹುದು. ಐನೂರು ಅಡಿಯಲ್ಲಿ ಆಗದು. ರನ್‌ವೇ ದಾಟಿಹೋದರೆ ಹೋಗಲಿ, ವಾಲಿಸದೆ, ಇನ್ನೊಂದು ಸುತ್ತು ಬಾ ಎಂದು ನಾವು ದಿನವೂ ಹೇಳುವುದು ಇದಕ್ಕೆ.

ಎಂಜಿನ್ ನಿಂತರೆ ಎಂಬ ಪಾಠವೂ ಹೀಗೆಯೇ. ಟೇಕಾಫ್ ಆಗಿ ಮುನ್ನೂರು ನಾನ್ನೂರು ಅಡಿ ಏರಿದಾಗ ನಾನು ಸದ್ದಿಲ್ಲದೆ ಥ್ರಾಟಲ್ ಹಿಂದಕ್ಕೆ ಎಳೆಯುತ್ತೇನೆ. ಮನುಷ್ಯನ ಸಹಜ ಬುದ್ಧಿ ಹಿಂದಿರುಗಿ ರನ್‌ವೇಗೇ ಹೋಗು ಎನ್ನುತ್ತದೆ. ಅಷ್ಟು ಎತ್ತರದಲ್ಲಿ ತಿರುಗಲು ಹೋದವರು ತಿರುವಿನ ಮಧ್ಯದಲ್ಲೇ ಸ್ಟಾಲ್ ಆಗಿ ಬಿದ್ದಿದ್ದಾರೆ. ಮೂತಿ ಇಳಿಸು, ವೇಗ ಉಳಿಸಿಕೋ, ಮುಂದೆ ಎದುರಿಗೆ ಕಾಣುವುದರಲ್ಲಿ ಉತ್ತಮವಾದ ಜಾಗ ಆರಿಸಿ ಇಳಿ. ಇದು ಯೋಚಿಸಿ ಮಾಡುವ ಕೆಲಸವಾಗಿ ಉಳಿದಿರುವ ತನಕ ಮಗುವನ್ನು ಬಿಡಲು ಆಗುವುದಿಲ್ಲ. ರಸ್ತೆಯಲ್ಲಿ ಕಾರು ಕೆಟ್ಟರೆ ಬದಿಗೆ ನಿಲ್ಲಿಸಿ ಮೆಕ್ಯಾನಿಕ್ಕಿಗೆ ಫೋನ್ ಮಾಡುತ್ತೇವೆ. ಇಲ್ಲಿ ಮೂತಿ ಇಳಿಸಲು ಇರುವುದು ಕೆಲವು ಸೆಕೆಂಡು.

ಅಪಾಯವನ್ನು ಮುಚ್ಚಿಡದೆ ಕೈಹಿಡಿದು ತೋರಿಸಿ ಕಲಿಸುವ ಈ ಕ್ರಮ ಸುಮ್ಮನೆ ಬಂದದ್ದಲ್ಲ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಯುದ್ಧಭೂಮಿ ಕಾಣುವ ಮೊದಲೇ, ತರಬೇತಿಯಲ್ಲೇ, ಅಸಂಖ್ಯ ಹುಡುಗರು ಸತ್ತರು. ಕಲಿಸುವವರು ಸ್ಪಿನ್ನಿಗೆ ಹೆದರಿ ಅದರ ಹತ್ತಿರವೂ ಹೋಗುತ್ತಿರಲಿಲ್ಲ. ಹುಡುಗ ಒಬ್ಬನೇ ಹೋದಾಗ ಅದನ್ನು ಮೊದಲ ಸಲ ಕಾಣುತ್ತಿದ್ದ. ಅದೇ ಕೊನೆಯ ಸಲವೂ ಆಗುತ್ತಿತ್ತು. 1917ರಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಗಾಸ್‌ಪೋರ್ಟ್ ಎಂಬಲ್ಲಿ ಬೇರೆ ಥರದ ಶಾಲೆ ನಡೆಸಿದ. ಆವ್ರೋ 504 ವಿಮಾನದಲ್ಲಿ ಇಬ್ಬರಿಗೂ ಕಂಟ್ರೋಲ್ ಇಟ್ಟ, ಎಂಜಿನ್ ಸದ್ದಿನಲ್ಲೂ ಮಾತು ಕೇಳಿಸುವಂತೆ ಕೊಳವೆ ಜೋಡಿಸಿದ, ಸ್ಟಾಲ್, ಸ್ಪಿನ್ ಎಲ್ಲವನ್ನೂ ಜೊತೆಗೆ ಕೂತು ಮಾಡಿಸಿ, ಹೊರಬರುವ ದಾರಿ ತೋರಿಸಿದ. ಇಂದು ಜಗತ್ತಿನ ಯಾವ ಹಾರಾಟ ಶಾಲೆಗೆ ಹೋದರೂ ಮೂಲದಲ್ಲಿ ಅವನ ಪದ್ಧತಿಯೇ ಇದೆ. ನಿಮ್ಮ ಮಗಳು ಮನೆಗೆ ಫೋನ್ ಮಾಡಿ, “ಇವತ್ತು ಬೇಕಂತಲೇ ಸ್ಟಾಲ್ ಮಾಡಿಸಿದ್ರು” ಎಂದರೆ ದಯವಿಟ್ಟು ಗಾಬರಿಯಾಗಬೇಡಿ. ಮಾಡಿಸದಿದ್ದರೆ ಗಾಬರಿಯಾಗಿ.

ನನ್ನ ಮೌನದ ಬಗ್ಗೆಯೂ ಹೇಳಬೇಕು. ಬಹಳಷ್ಟು ಮಕ್ಕಳು ವಿಮಾನವನ್ನು ನಮ್ಮ ದನಿಯ ಮೇಲೆ ಹಾರಿಸುತ್ತಿರುತ್ತಾರೆ. “ಸ್ಪೀಡ್ ನೋಡು”, “ಸೆಂಟರ್‌ಲೈನ್”, “ರಡ್ಡರ್, ರಡ್ಡರ್”. ನಾವು ಹೇಳುತ್ತೇವೆ, ಅವರು ಸರಿಮಾಡುತ್ತಾರೆ, ಹಾರಾಟ ಸುಸೂತ್ರ. ಅಂಥ ಹತ್ತು ಗಂಟೆಯಲ್ಲಿ ಅವರದು ಎಷ್ಟು, ನಮ್ಮದು ಎಷ್ಟು? ಮಾತು ನಿಲ್ಲಿಸಿದರೂ ನಮ್ಮ ಕೈ ಥ್ರಾಟಲ್ ಕಡೆ ಒಂದಿಂಚು ಸರಿದರೆ ಸಾಕು, ಮಗುವಿಗೆ ಸೂಚನೆ ಸಿಕ್ಕಿಬಿಡುತ್ತದೆ. ಅದಕ್ಕೇ ಸೋಲೋ ಹತ್ತಿರ ಬಂದಾಗ ನಾವು ಕೈಕಟ್ಟಿ, ಪಕ್ಕದ ಕಿಟಕಿಯಾಚೆ ನೋಡುತ್ತಾ, ಸರ್ಕ್ಯೂಟ್ ಮೇಲೆ ಸರ್ಕ್ಯೂಟ್ ಬಾಯಿ ಬಿಡದೆ ಕೂರುತ್ತೇವೆ. ಕೆಲವು ಮಕ್ಕಳು ಆ ದಿನ ಹಿಂದಿನ ದಿನಕ್ಕಿಂತ ಕೆಟ್ಟದಾಗಿ ಹಾರುತ್ತಾರೆ. ನೀವು ಫೋನಿನಲ್ಲಿ ಕೇಳಿಸಿಕೊಳ್ಳುವ “ಯಾಕೋ ಮೊದಲಿಗಿಂತ ಹಾಳಾಗ್ತಿದೆ” ಎಂಬ ಮಾತಿಗೆ ಅನೇಕ ಸಲ ಇದೇ ಕಾರಣ. ಅದು ಹಿನ್ನಡೆಯಲ್ಲ. ಆವತ್ತು ವಿಮಾನ ಮೊದಲ ಬಾರಿಗೆ ಅವರೊಬ್ಬರ ಕೈಯಲ್ಲಿತ್ತು.

ಗಂಟೆಗಳನ್ನು ಹೋಲಿಸುವ ವಿಚಾರಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ನಿಮ್ಮನ್ನು ಅತಿ ಹೆಚ್ಚು ನೋಯಿಸುವುದು ಅದೇ. ಪ್ರಯಾಣಿಕರ ವಿಮಾನ ಬಂದುಹೋಗುವ ನಿಲ್ದಾಣದಲ್ಲಿ ಕಲಿಯುವ ಹುಡುಗ ದೊಡ್ಡ ವಿಮಾನಕ್ಕೆ ದಾರಿ ಬಿಡಲು ಒಂದು ಮೂಲೆಯಲ್ಲಿ ಸುತ್ತು ಹಾಕುತ್ತಾ ಕಾಯುತ್ತಾನೆ. ಅವನ ಒಂದು ಗಂಟೆಯಲ್ಲಿ ನಾಲ್ಕೇ ಲ್ಯಾಂಡಿಂಗ್ ಆಗಬಹುದು. ಖಾಲಿ ಏರ್‌ಫೀಲ್ಡಿನಲ್ಲಿ ಕಲಿಯುವವಳಿಗೆ ಅದೇ ಗಂಟೆಯಲ್ಲಿ ಎಂಟು ಸಿಗುತ್ತದೆ. ಕಲಬುರಗಿ, ಬೆಳಗಾವಿ, ಮೈಸೂರು, ಜಕ್ಕೂರು, ಒಂದೊಂದರ ಆಕಾಶವೂ ಬೇರೆ. ಜಕ್ಕೂರಿನಲ್ಲಿ ಹಾರುವ ಮಗು ಒಂದು ಪಕ್ಕಕ್ಕೆ ಯಲಹಂಕ ವಾಯುನೆಲೆ, ಮೇಲೆ ಉತ್ತರಕ್ಕೆ ದೇವನಹಳ್ಳಿಯ ಅಂತರರಾಷ್ಟ್ರೀಯ ನಿಲ್ದಾಣ ಇದೆಯೆಂಬುದನ್ನು ಒಂದು ಕ್ಷಣವೂ ಮರೆಯುವಂತಿಲ್ಲ. ಜಕ್ಕೂರು ಇರುವ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ ತಾಪಮಾನ 35 ಡಿಗ್ರಿ ಮುಟ್ಟಿದಾಗ ಇಲ್ಲಿನ ಗಾಳಿ ಎಷ್ಟು ತೆಳುವಾಗುತ್ತದೆಂದರೆ ಎಂಜಿನ್ ಮತ್ತು ರೆಕ್ಕೆ 6000 ಅಡಿ ಎತ್ತರದಲ್ಲಿರುವಂತೆ ಕೆಲಸ ಮಾಡುತ್ತವೆ. ಅದೇ ವಿಮಾನ ಕಡಲತೀರದ ಊರಿನಲ್ಲಿ ಬೇಗ ಏಳುತ್ತದೆ, ಇಲ್ಲಿ ತಡವಾಗಿ.

ಮಳೆಗಾಲದಲ್ಲಿ ಮೋಡ ತಗ್ಗಿ ಕೂತರೆ ವಾರಗಟ್ಟಲೆ ಹಾರಾಟವಿಲ್ಲ. ವಿಮಾನ ಐವತ್ತು ನೂರು ಗಂಟೆಯ ತಪಾಸಣೆಗೆ ಹೋದರೆ ಸರದಿ ಮುಂದಕ್ಕೆ ಹೋಗುತ್ತದೆ. ಹದಿನೈದು ದಿನ ಬಿಟ್ಟು ಬಂದ ಮಗು ಎರಡು ಗಂಟೆಯನ್ನು ಹಳೆಯದನ್ನು ನೆನಪು ಮಾಡಿಕೊಳ್ಳುವುದಕ್ಕೇ ಕಳೆಯುತ್ತದೆ. ಇನ್‌ಸ್ಟ್ರಕ್ಟರ್ ಬದಲಾದರೆ ಇನ್ನೂ ಒಂದೆರಡು ಗಂಟೆ. ಇದರಲ್ಲಿ ಯಾವುದೂ ಮಗುವಿನ ತಪ್ಪಲ್ಲ. ನೀವು ಶಾಲೆಯನ್ನು ಕೇಳಲೇಬೇಕಾದ ಪ್ರಶ್ನೆಗಳೂ ಇಲ್ಲೇ ಇವೆ: ನನ್ನ ಮಗ ವಾರಕ್ಕೆ ಎಷ್ಟು ದಿನ ಹಾರುತ್ತಿದ್ದಾನೆ? ಕಳೆದ ತಿಂಗಳು ಎಷ್ಟು ಇನ್‌ಸ್ಟ್ರಕ್ಟರ್‌ಗಳ ಜೊತೆ ಹಾರಿದ? ಪ್ರತಿ ಹಾರಾಟಕ್ಕೆ ಮುಂಚೆ ಮತ್ತು ಆಮೇಲೆ ಅವನ ಜೊತೆ ಕೂತು ಯಾರಾದರೂ ಮಾತಾಡುತ್ತಾರೆಯೇ? ಇವನ್ನು ಗಟ್ಟಿಯಾಗಿ ಕೇಳಿ. ಉತ್ತರ ಕೊಡಲು ತಡವರಿಸುವ ಶಾಲೆಯ ಮೇಲೆ ಒತ್ತಡ ಹಾಕಿ. ಒತ್ತಡ ಮಗುವಿನ ಮೇಲೆ ಬೀಳಬಾರದು, ಅಷ್ಟೆ.

ಹಳೆಯವರು ನಾಲ್ಕಾರು ಗಂಟೆಗೇ ಹೋಗುತ್ತಿದ್ದರಲ್ಲ ಎನ್ನುವವರೂ ಇದ್ದೀರಿ. ಜೆ.ಆರ್.ಡಿ. ಟಾಟಾ 1929ರ ಫೆಬ್ರವರಿ 10ರಂದು ದೇಶದ ಮೊದಲ ನಂಬರಿನ ಲೈಸೆನ್ಸ್ ಪಡೆದ ಕಾಲದಲ್ಲಿ ವಿಮಾನಗಳು ಹಗುರ, ನಿಧಾನ. ರೇಡಿಯೋ ಇಲ್ಲ, ಆಕಾಶದಲ್ಲಿ ಎದುರು ಬರುವವರು ಇಲ್ಲ. ಇಂದಿನ ವಿದ್ಯಾರ್ಥಿ ಅದೇ ಸುತ್ತಿನಲ್ಲಿ ಕಂಟ್ರೋಲ್ ಟವರಿಗೆ ಉತ್ತರ ಕೊಡಬೇಕು, ಮುಂದಿರುವ ಇನ್ನೊಂದು ವಿಮಾನವನ್ನು ಕಣ್ಣಲ್ಲೇ ಹುಡುಕಬೇಕು, ರೇಡಿಯೋ ಸತ್ತರೆ ಟವರಿನಿಂದ ಬೀಳುವ ಹಸಿರು ಕೆಂಪು ದೀಪದ ಅರ್ಥ ತಿಳಿದಿರಬೇಕು. ರೇಡಿಯೋದಲ್ಲಿ ಕರೆ ಬಂದ ತಕ್ಷಣ ವೇಗ ನೋಡುವುದನ್ನು ಮರೆಯುವ ಮಗು ಇನ್ನೂ ಸಿದ್ಧವಿಲ್ಲ. “ಸ್ಟ್ಯಾಂಡ್‌ಬೈ” ಎಂದು ಹೇಳಿ ಮೊದಲು ವಿಮಾನ ನೋಡಿಕೊಳ್ಳುವ ಮಗು ಸಿದ್ಧವಾಗುತ್ತಿದೆ.

ಹೆಣ್ಣುಮಕ್ಕಳ ತಂದೆತಾಯಂದಿರಲ್ಲಿ ಕೆಲವರ ಬೇಡಿಕೆ ತಿರುಗಾಮುರುಗ. “ಅವಸರ ಬೇಡ ಸರ್, ಇನ್ನೊಂದೈದು ಗಂಟೆ ಜೊತೆಗೇ ಇರಿ” ಎನ್ನುತ್ತೀರಿ. ಆ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಒಪ್ಪಲಾರೆ. ಸಿದ್ಧವಾದ ವಿದ್ಯಾರ್ಥಿಯನ್ನು ಹಿಡಿದಿಟ್ಟುಕೊಳ್ಳುವುದೂ ಹಾನಿಯೇ. ಪಕ್ಕದಲ್ಲಿ ಯಾರೋ ಇದ್ದಾರೆ, ಹೆಚ್ಚುಕಮ್ಮಿಯಾದರೆ ಅವರು ಹಿಡಿಯುತ್ತಾರೆ ಎಂಬ ಅಭ್ಯಾಸ ಬೇರೂರುತ್ತದೆ. ನನ್ನ ಮೇಲೆ ಇವರಿಗೇ ನಂಬಿಕೆಯಿಲ್ಲ ಎಂಬ ಅನುಮಾನ ಮೊಳೆಯುತ್ತದೆ. 1936ರಲ್ಲಿ ಸರಳಾ ಠಕ್ರಾಲ್ ಲಾಹೋರಿನಲ್ಲಿ ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದಾಗ ಅವರಿಗೆ 21 ವರ್ಷ, ಮನೆಯಲ್ಲಿ ಪುಟ್ಟ ಮಗಳಿದ್ದಳು. ಅವರನ್ನು ಬಿಟ್ಟ ಇನ್‌ಸ್ಟ್ರಕ್ಟರ್ ನೋಡಿದ್ದಿರಬೇಕು ಅವರ ಕೈಯನ್ನು, ತೀರ್ಮಾನವನ್ನು. ನಿಮ್ಮ ಮಗಳನ್ನೂ ನಾವು ಹಾಗೆಯೇ ನೋಡುತ್ತೇವೆ.

ಈಗ ನನ್ನ ಬೇಡಿಕೆ. ಬೆಳಗ್ಗೆ ಆರು ಗಂಟೆಗೆ ಫೋನ್ ಮಾಡಿ “ಇವತ್ತಾದ್ರೂ ಬಿಡ್ತಾರಾ?” ಎಂದು ಕೇಳಬೇಡಿ. ಆ ಮಾತು ಕಿವಿಯಲ್ಲಿಟ್ಟುಕೊಂಡು ಬಂದ ಮಗು ನನ್ನ ಹತ್ತಿರ ನಿಜ ಹೇಳುವುದಿಲ್ಲ. ರಾತ್ರಿ ನಿದ್ದೆಯಿಲ್ಲ, ಮೂಗು ಕಟ್ಟಿದೆ, ಹೊಟ್ಟೆ ಸರಿಯಿಲ್ಲ ಎಂಬುದನ್ನೆಲ್ಲ ಮುಚ್ಚಿಟ್ಟು “ಐ ಆಮ್ ಫೈನ್ ಸರ್” ಎನ್ನುತ್ತದೆ. “ಸರ್, ಇವತ್ತು ತಲೆ ಸರಿಯಿಲ್ಲ, ನಾಳೆ ಹಾರ್ತೀನಿ” ಎಂದು ಅಂಜದೆ ಹೇಳುವ ವಿದ್ಯಾರ್ಥಿಯ ಮೇಲೆ ನನಗೆ ಇನ್ನಿಲ್ಲದ ಭರವಸೆ ಹುಟ್ಟುತ್ತದೆ. ಮುಂದೊಂದು ದಿನ ಅವರ ಹಿಂದೆ 180 ಜನ ಕೂತಿರುತ್ತಾರೆ. ಆಗಲೂ ಬೇಡ ಎನ್ನಬಲ್ಲವರು ಇವರೇ. ಆ ಮಾತು ಅವರ ಬಾಯಲ್ಲಿ ಸಲೀಸಾಗಿ ಬರಬೇಕಾದರೆ ಮನೆಯಲ್ಲಿ ಅದಕ್ಕೆ ಬೈಗುಳ ಸಿಗಬಾರದು. ನಿಜ ಮುಚ್ಚಿಡುವ ಅಭ್ಯಾಸ ಇನ್ನೂ ಮುಂದಕ್ಕೆ ಹೋಗಬಲ್ಲದು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದದ್ದು ನಿಮಗೆ ನೆನಪಿರಬಹುದು. ಕಾಗದದ ಮೇಲೆ ಏನನ್ನಾದರೂ ಬರೆಯಬಹುದು. ಕೊನೆಯ ತಿರುವಿನಲ್ಲಿ ಯಾವ ಕಾಗದವೂ ಸಹಾಯಕ್ಕೆ ಬರುವುದಿಲ್ಲ.

ಸೋಲೋ ದಿನ ಯಾವುದೆಂದು ಮಗುವಿಗೂ ಮುಂಚೆ ಹೇಳುವುದಿಲ್ಲ. ಒಂದು ಬೆಳಗ್ಗೆ, ಗಾಳಿ ಮೆಲ್ಲಗೆ ರನ್‌ವೇ ಉದ್ದಕ್ಕೇ ಬೀಸುತ್ತಿರುವಾಗ, ಸರ್ಕ್ಯೂಟಿನಲ್ಲಿ ಗದ್ದಲವಿಲ್ಲದಾಗ, ಎರಡು ಮೂರು ಸುತ್ತು ಜೊತೆಗೆ ಹಾರಿ, ಟ್ಯಾಕ್ಸಿವೇಯಲ್ಲಿ ನಿಲ್ಲಿಸಲು ಹೇಳುತ್ತೇವೆ. ಇಳಿಯುವ ಮುಂಚೆ ನಮ್ಮ ಸೀಟಿನ ಬೆಲ್ಟನ್ನು ಬಿಗಿಯಾಗಿ ಕಟ್ಟುತ್ತೇವೆ, ಸಡಿಲವಾಗಿ ಬಿಟ್ಟರೆ ಕಂಟ್ರೋಲಿಗೆ ಸಿಕ್ಕಿಕೊಂಡೀತು. ಎರಡೇ ಸೀಟಿನ ಸೆಸ್ನಾ 152ರ ಗರಿಷ್ಠ ತೂಕ ಸುಮಾರು 757 ಕಿಲೋ. 75 ಕಿಲೋದ ನಾವು ಇಳಿದರೆ ಹತ್ತರಲ್ಲೊಂದು ಪಾಲು ಹೋದಂತೆ. ಬೇಗ ಏಳುತ್ತದೆ, ನಿನ್ನ ಲೆಕ್ಕಕ್ಕಿಂತ ಮುಂಚೆ 1000 ಅಡಿ ಮುಟ್ಟುತ್ತದೆ, ಇಳಿಯುವಾಗ ಜಾಸ್ತಿ ತೇಲುತ್ತದೆ, ಅವಸರಪಡಬೇಡ, ಇಷ್ಟವಾಗದಿದ್ದರೆ ಗೋ ಅರೌಂಡ್, ಎಷ್ಟು ಸಲ ಬೇಕಾದರೂ. ಇಷ್ಟೇ ಹೇಳಿ ಬಾಗಿಲು ಹಾಕುತ್ತೇವೆ. ಫಸ್ಟ್ ಸೋಲೋ ಎಂದು ಟವರಿಗೆ ತಿಳಿಸಿರುತ್ತೇವೆ. ಇಳಿದು ಬಂದ ಮೇಲೆ ಗೆಳೆಯರು ಬಕೆಟ್ಟಿನಲ್ಲಿ ನೀರು ಸುರಿಯುತ್ತಾರೆ, ಫೋಟೋ ನಿಮಗೆ ಬರುತ್ತದೆ, ನೀವು ಬಂಧುಗಳಿಗೆಲ್ಲ ಕಳಿಸುತ್ತೀರಿ. ಕಳಿಸಿ, ಖುಷಿಪಡಿ, ಅದು ನಿಮ್ಮ ಹಕ್ಕು.

ಮಾರನೆಯ ದಿನ ಮಗು ಫೋನ್ ಮಾಡಿ, “ಇವತ್ತು ಮತ್ತೆ ಸರ್ ಪಕ್ಕದಲ್ಲಿ ಕೂತ್ರು” ಎನ್ನುತ್ತದೆ. ಆಗ ಏನೋ ತಪ್ಪಾಯಿತೆಂದು ತಿಳಿಯಬೇಡಿ. ಮುಂದಿನ ಹಲವು ಸೋಲೋಗಳಿಗೂ ನಾವು ಮೊದಲು ಒಂದೆರಡು ಸುತ್ತು ಜೊತೆಗೆ ಹಾರಿ, ಆ ದಿನದ ಗಾಳಿಯಲ್ಲಿ, ಆ ದಿನದ ಮನಸ್ಥಿತಿಯಲ್ಲಿ ಹೇಗಿದ್ದಾರೆಂದು ನೋಡಿಯೇ ಬಿಡುತ್ತೇವೆ. ಗಾಳಿ ಅಡ್ಡ ಬೀಸುತ್ತಿದ್ದರೆ ಬಿಡದೆಯೂ ಇರುತ್ತೇವೆ. ಆ ದಿನ ಮಗುವಿಗೆ ಬೇಸರವಾಗಿರುತ್ತದೆ. ನೀವು ಬೇರೇನೂ ಕೇಳದೆ, ಗಾಳಿ ಎಷ್ಟು ನಾಟ್ಸ್ ಇತ್ತು, ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಕೇಳಿ. ಅವರಿಗೆ ಉತ್ತರ ಗೊತ್ತಿರುತ್ತದೆ.

ಇಂತಿ,
ನಿಮ್ಮ ಮಕ್ಕಳ ಪಕ್ಕದ ಸೀಟಿನಲ್ಲಿ ಕೂರುವ ಒಬ್ಬ ಇನ್‌ಸ್ಟ್ರಕ್ಟರ್